ಮಂಗಳವಿಲ್ಲದ ಆಟ

ನಿವೃತ್ತನಾಗಿ ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಮರಳಿದ ಮೊದಲ ವರ್ಷ ನಾನು ಅತಿ ಹೆಚ್ಚು ನೋಡಿದ್ದು ಸ್ಕಾಟ್ಲೆಂಡಿನಲ್ಲಿ ಹಸುಗಳ ಗೊರಸು ಕೆತ್ತುವ ಒಬ್ಬಾತನ ಕೈಗಳನ್ನು. ಹಸುವನ್ನು ಕಬ್ಬಿಣದ ಕಟಾಂಜನದೊಳಗೆ ನಿಲ್ಲಿಸಿ, ಹಿಂಗಾಲಿಗೆ ಬೆಲ್ಟು ಹಾಕಿ ಮೇಲೆತ್ತಿ, ಗ್ರೈಂಡರಿನಿಂದ ಗೊರಸಿನ ಕೊಳಕು ಪದರವನ್ನು ಸವರುತ್ತಾನೆ. ಕಪ್ಪು ಹೋಗಿ ಬಿಳಿ ಕಾಣುತ್ತದೆ. ಸಣ್ಣ ಚೂರಿಯಿಂದ ಒಂದು ಕಡೆ ಕೆದಕಿದರೆ ಒಳಗೆ ಕಟ್ಟಿಕೊಂಡಿದ್ದ ಕೀವು ಚಿಳ್ಳೆಂದು ಹೊರಗೆ ಬರುತ್ತದೆ. ಆ ಕ್ಷಣಕ್ಕೆ ನೋಡುವವನಿಗೂ ಹಾಯೆನಿಸುತ್ತದೆ. ಯಾಕೆ ಅಂತ ಕೇಳಬೇಡಿ. ಆಮೇಲೆ ನೋವಿಲ್ಲದ ಇನ್ನೊಂದು ಗೊರಸಿನ ಅಡಿಗೆ ತುಂಡೊಂದನ್ನು ಅಂಟಿಸಿ, ನೋಯುವ ಕಡೆ ಭಾರ ಬೀಳದಂತೆ ಮಾಡಿ ಹಸುವನ್ನು ಬಿಡುತ್ತಾನೆ. ಅದು ಹೋಗುತ್ತದೆ. ಇನ್ನೊಂದು ಬರುತ್ತದೆ.

"ನಿಮ್ಮ ಗೊರಸಿನ ಡಾಕ್ಟ್ರು ಇವತ್ತು ಎಷ್ಟು ದನ ನೋಡಿದ್ರು?" ಎಂದು ಮಲಗುವ ಹೊತ್ತಿಗೆ ನನ್ನ ಹೆಂಡತಿ ಕೇಳುತ್ತಿದ್ದಳು. ನಮ್ಮ ಕೊಟ್ಟಿಗೆಯಲ್ಲಿ ಆಗಲೇ ದನವಿರಲಿಲ್ಲ. ಅಪ್ಪ ಹೋದಮೇಲೆ ತಮ್ಮ ಒಂದೊಂದನ್ನೇ ಕೊಟ್ಟು, ಈಗ ಅಲ್ಲಿ ಪಂಪ್‌ಸೆಟ್ಟಿನ ಪೈಪು, ಹಳೆ ಗೋಣಿಚೀಲ, ಮುರಿದ ಸ್ಕೂಟರು ತುಂಬಿಟ್ಟಿದ್ದಾನೆ. ಅದರ ಗೋಡೆಗೆ ಒರಗಿ ಕುಳಿತು ನಾನು ಫೋನಿನಲ್ಲಿ ಸ್ಕಾಟ್ಲೆಂಡಿನ ದನ ನೋಡುತ್ತಿದ್ದೆ. ಇಷ್ಟೆಲ್ಲ ನೋಡಿದ ಮೇಲೂ ಪಕ್ಕದ ಮನೆಯ ಹಸು ಕುಂಟತೊಡಗಿದಾಗ ಅದರ ಕಾಲು ಎತ್ತಿ ಹಿಡಿಯುವ ಧೈರ್ಯ ನನಗೆ ಬರಲಿಲ್ಲ. ಪಶುವೈದ್ಯರೇ ಬಂದು ನೋಡಿದರು. ನಾನು ದೂರ ನಿಂತು ಟಾರ್ಚು ಬಿಟ್ಟೆ.

ಸ್ಕಾಟ್ಲೆಂಡಿನ ಆ ಗೊರಸಿನವರೆಗೆ ನಾನು ತಲುಪಿದ ದಾರಿಯನ್ನು ಒಮ್ಮೆ ಕುಳಿತು ಲೆಕ್ಕ ಹಾಕಿದ್ದೇನೆ. ಲೆಕ್ಕಪತ್ರದ ಕಚೇರಿಯಲ್ಲಿ ಜೀವನ ಕಳೆದವನಿಗೆ ಇಂಥದ್ದು ಖುಷಿ. ಶುರುವಾದದ್ದು ಬೋರ್ಡೋ ದ್ರಾವಣದಿಂದ. ಮಳೆಗಾಲದ ಮೊದಲು ಅಡಿಕೆಗೊನೆಗೆ ಔಷಧಿ ಹೊಡೆಯದಿದ್ದರೆ ಕೊಳೆ ರೋಗ ಬಂದು ಎಳೆಕಾಯಿ ಉದುರಿಹೋಗುತ್ತದೆ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರು ಎನ್ನುವುದು ತೋಟದವರ ಮಕ್ಕಳಿಗೆಲ್ಲ ಗೊತ್ತು. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು, ಪಾಕ ಸರಿ ಬಂದಿದೆಯೋ ಇಲ್ಲವೋ ನೋಡುವುದು ಹೇಗೆ ಎನ್ನುವುದು ನಲವತ್ತು ವರ್ಷ ಬೆಂಗಳೂರಿನಲ್ಲಿದ್ದ ನನಗೆ ಮರೆತುಹೋಗಿತ್ತು. ತಮ್ಮನನ್ನು ಕೇಳಲು ಬಿಗುಮಾನ. ಯೂಟ್ಯೂಬಿನಲ್ಲಿ ಹುಡುಕಿದೆ. ಒಬ್ಬ ಕೃಷಿಕ ಬಹಳ ಚೆನ್ನಾಗಿ ತೋರಿಸಿದ: ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆ, ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಕೆಲಸ ಅಲ್ಲಿಗೆ ಮುಗಿಯಿತು. ಮುಗಿಯಬೇಕಿತ್ತು. ಅದರ ಕೆಳಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಇತ್ತು. ದೋಟಿಯ ಕೆಳಗೆ ಮರ ಹತ್ತುವ ಯಂತ್ರ. ಯಂತ್ರದ ಕೆಳಗೆ ಪಂಜಾಬಿನ ಟ್ರ್ಯಾಕ್ಟರ್ ಜಗ್ಗಾಟ, ಅದರ ಕೆಳಗೆ ಪಾಕಿಸ್ತಾನದ ಯಾವುದೋ ಊರಲ್ಲಿ ರಸ್ತೆಬದಿ ಕೂತು ಲಾರಿಯ ಮುರಿದ ಆಕ್ಸಲನ್ನು ಬೆಸೆಯುವವರು, ಆಮೇಲೆ ಕೆಸರಲ್ಲಿ ಹೂತ ಕಾರ್ಪೆಟ್ ತೊಳೆಯುವವರು, ತುಕ್ಕು ಹಿಡಿದ ಚೂರಿಯನ್ನು ಕನ್ನಡಿ ಮಾಡುವವರು. ಈ ಕೊಳಕು ತೆಗೆಯುವವರ ಸಾಲಿನ ಕೊನೆಗೆ ಸ್ಕಾಟ್ಲೆಂಡಿನವನು. ಅಷ್ಟರಲ್ಲಿ ಊಟದ ಹೊತ್ತು ಮೀರಿ ಸಾರು ಆರಿಹೋಗಿರುತ್ತಿತ್ತು.

ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಯಾವುದನ್ನೂ ನಾನು ಕೇಳಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಸೀಮೆಗೆ ಈ ಭಾಗ್ಯ ಬಂದದ್ದೂ ಸುಲಭದಲ್ಲಿ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ತಿಂಗಳುಗಟ್ಟಲೆ ಡೇಟಾ ಪುಕ್ಕಟೆ ಹಂಚಿದಾಗ ಬೆಂಗಳೂರಿನ ನಮ್ಮ ಆಫೀಸಿನ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಕೈಯಲ್ಲೂ ಸಿನಿಮಾ ಓಡುತ್ತಿತ್ತು. ಅದಕ್ಕೂ ಮೊದಲು ಒಂದು ಜಿಬಿಗೆ ಇನ್ನೂರು ರೂಪಾಯಿಯ ಮೇಲೆ ಕೊಟ್ಟು, ಅದನ್ನು ತುಪ್ಪದಂತೆ ಬಡಿಸಿಕೊಳ್ಳುತ್ತಿದ್ದವರು ನಾವು. ಊರಲ್ಲಿ ಮಾತ್ರ ಆಗಲೂ ಟವರ್ ಇರಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಕ್ಲಾಸು ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿ ಕೂತದ್ದು ಪೇಪರಿನಲ್ಲೆಲ್ಲ ಬಂತು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂದು 2021ರಲ್ಲಿ ನಮ್ಮ ಕಡೆಯ ಹಳ್ಳಿಗಳವರು ಹಟ ಹಿಡಿದರು. ಆ ಹೋರಾಟ ನ್ಯಾಯವಾದದ್ದೇ. ಇವತ್ತಿಗೂ ಮಳೆಗಾಲದಲ್ಲಿ ಕರೆಂಟು ಹೋದರೆ ಟವರ್ ಸತ್ತು ಆಂಬುಲೆನ್ಸಿಗೂ ಫೋನು ಸಿಗದ ಮನೆಗಳಿವೆ. ಬೇಡಿ ತಂದ ನೆಟ್‌ವರ್ಕಿನಲ್ಲಿ ನಾನು ನೋಡುತ್ತಿದ್ದದ್ದು ಏನು ಎನ್ನುವುದು ಬೇರೆ ಮಾತು.

ನನ್ನ ತಲೆಮಾರಿನವರು ನೋಡುವುದಕ್ಕೇ ಹುಟ್ಟಿದವರಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾವು ನೋಡಿದಷ್ಟು ಆಸೆಯಿಂದ ಯಾರೂ ನೋಡಿಲ್ಲ. ಟೆಂಟಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತು ಎಂದರ್ಥ. ಅರ್ಧ ಉಂಡ ತಟ್ಟೆಯನ್ನು ಬಿಟ್ಟು ಓಡಿದವರಿದ್ದಾರೆ. ನೆಲದ ಟಿಕೆಟಿನವರು ಮರಳನ್ನು ಗುಪ್ಪೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು, ಮುಂದಿನವನ ತಲೆ ಅಡ್ಡ ಬಾರದಿರಲಿ ಎಂದು. ರೀಲು ಬದಲಿಸುವಾಗ ಕತ್ತಲೆ, ಶಿಳ್ಳೆ, ಕಡಲೆಕಾಯಿ. ಕೊನೆಗೆ ಪರದೆಯ ಮೇಲೆ 'ಶುಭಂ'. ಅದು ಬಂದ ಮೇಲೆ ಟೆಂಟಿನೊಳಗೆ ಕೂತಿರುತ್ತೇನೆ ಎಂದರೂ ಬಿಡುತ್ತಿರಲಿಲ್ಲ.

1980ರ ದಶಕದಲ್ಲಿ ಕೆಲಸ ಸಿಕ್ಕಿ ಬೆಂಗಳೂರಿನ ಹನುಮಂತನಗರದ ವಠಾರವೊಂದರಲ್ಲಿ ಇದ್ದೆ. ಟಿವಿ ಇದ್ದದ್ದು ಮಾಲೀಕರ ಮನೆಯಲ್ಲಿ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಬರುವಾಗ ನಾನು ಬಾಗಿಲ ಹತ್ತಿರ ನಿಂತು, ಇದು ನಮ್ಮ ಆಗುಂಬೆ, ಇದು ನಮ್ಮ ಆಗುಂಬೆ ಎಂದು ಎಲ್ಲರಿಗೂ ತೊಂದರೆ ಕೊಡುತ್ತಿದ್ದೆ, ಆಗುಂಬೆ ನಮ್ಮ ಊರಿಂದ ಅಷ್ಟು ದೂರವಿದ್ದರೂ. 1987ರಿಂದ ಭಾನುವಾರ ಬೆಳಿಗ್ಗೆ 'ರಾಮಾಯಣ', ಅದರ ಬೆನ್ನಿಗೇ 'ಮಹಾಭಾರತ'. ಆ ಮುಕ್ಕಾಲು ಗಂಟೆ ರಸ್ತೆಯಲ್ಲಿ ನಾಯಿಗಳು ಮಾತ್ರ ಇರುತ್ತಿದ್ದವು. ದ್ರೌಪದಿಯ ವಸ್ತ್ರಾಪಹರಣದ ಕಂತು ಎಲ್ಲಿಗೋ ಬಂದು ನಿಂತು ಮುಂದಿನ ವಾರಕ್ಕೆ ಹೋಯಿತೆಂದರೆ, ಆ ವಾರವಿಡೀ ವಠಾರದ ನಲ್ಲಿಯ ಹತ್ತಿರ ಅದೇ ಚರ್ಚೆ. ಭೀಷ್ಮ ಯಾಕೆ ಸುಮ್ಮನಿದ್ದ ಎಂದು ಮಾಲೀಕರ ತಾಯಿ ಕೇಳಿದ ಪ್ರಶ್ನೆಗೆ ಕೊಡ ತುಂಬಿ ಚೆಲ್ಲಿದರೂ ಯಾರೂ ಉತ್ತರ ಹೇಳಲಿಲ್ಲ. ರಾತ್ರಿ ಕಾರ್ಯಕ್ರಮ ಮುಗಿದರೆ ದೂರದರ್ಶನದವರು ನಮಸ್ಕಾರ ಹೇಳಿ ಹೋಗಿಬಿಡುತ್ತಿದ್ದರು. ಪರದೆಯಲ್ಲಿ ಅಕ್ಕಿ ಸುರಿದ ಹಾಗೆ ಚುಕ್ಕಿ.

ಮಿತಿಯಿಲ್ಲದೆ ನೋಡಿದ್ದೂ ಉಂಟು. ಮದುವೆಮನೆಗಳಲ್ಲಿ ವಿಸಿಪಿ ಬಾಡಿಗೆಗೆ ತಂದು ಒಂದೇ ರಾತ್ರಿ ಮೂರು ಮೂರು ಸಿನಿಮಾ ಹಾಕುತ್ತಿದ್ದರು. ರಾಜ್‌ಕುಮಾರ್ ಒಂದು, ಅಮಿತಾಭ್ ಒಂದು, ಹೆಂಗಸರು ಮಲಗಿದ ಮೇಲೆ ಒಂದು ಕರಾಟೆಯದು. ಆದರೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ವಿಸಿಪಿಯನ್ನು ವಾಪಸು ಕೊಡಬೇಕಿತ್ತು. ಇನ್ನೊಂದು ದಿನದ ಬಾಡಿಗೆ ಕೊಡುವವರು ಯಾರು?

ಎಲ್ಲಕ್ಕಿಂತ ಉದ್ದದ್ದು ಯಕ್ಷಗಾನವೇ. ನಮ್ಮ ಕಡೆ ಅದಕ್ಕೆ ಆಟ ಎನ್ನುತ್ತೇವೆ. ರಾತ್ರಿ ಊಟ ಮುಗಿಸಿ, ಕಂಬಳಿ ಹೆಗಲಿಗೆ ಹಾಕಿ, ಬಯಲಿಗೆ ಹೋಗಿ ಕೂತರೆ ಮೂಡಣ ಕೆಂಪಾಗುವವರೆಗೆ. ನಡುವೆ ನಿದ್ದೆ, ಚಹಾ, ಮತ್ತೆ ಚಂಡೆಯ ಪೆಟ್ಟಿಗೆ ಎಚ್ಚರ. ಹಗಲು ಮೂಡುವಾಗ ಭಾಗವತರು ಮಂಗಳ ಹಾಡುತ್ತಾರೆ. ಮಂಗಳ ಹಾಡಿದ ಮೇಲೆ ಆಟವಿಲ್ಲ. ಇನ್ನೊಂದು ಪದ್ಯ ಹೇಳಿ ಎಂದು ಯಾವ ಊರ ಗೌಡನೂ ಕೇಳಿದ್ದನ್ನು ನಾನು ನೋಡಿಲ್ಲ. ವೇಷ ಕಳಚುವ ಚೌಕಿಯಲ್ಲಿ ಎಣ್ಣೆ, ಬಣ್ಣದ ವಾಸನೆ. ಹೊರಗೆ ಜನ ಕಣ್ಣುಜ್ಜುತ್ತ, ಈ ಸಲದ ಕೀಚಕ ಕಳೆದ ಸಲದವನಷ್ಟಿರಲಿಲ್ಲ ಎಂದು ಜಗಳವಾಡುತ್ತ ಮನೆಗೆ ಹೊರಡುವುದು. ಈಚೆಗೆ ಬಹಳ ಮೇಳಗಳು ಮಧ್ಯರಾತ್ರಿಯೊಳಗೆ ಮುಗಿಸುವ ಕಾಲಮಿತಿಗೆ ಬಂದಿವೆ. ಅದರ ಬಗ್ಗೆ ಗೊಣಗುವವರಲ್ಲಿ ನಾನೂ ಒಬ್ಬ. ಇಡೀ ರಾತ್ರಿ ಬೊಗಸೆಯಷ್ಟು ಬೆಳಕಿನ ಫೋನು ಹಿಡಿದು ಕೂತುಕೊಂಡೇ ಗೊಣಗಿದ್ದೇನೆ.

ಹೀಗೆ ನೋಡಿದರೆ ನನ್ನ ಇಡೀ ನೋಡುವ ಬದುಕಿನಲ್ಲಿ 'ಸಾಕು' ಎಂದು ಹೇಳುವ ಕೆಲಸ ನನ್ನದಾಗಿರಲೇ ಇಲ್ಲ. ಭಾಗವತರು ಹೇಳುತ್ತಿದ್ದರು, ಟೆಂಟಿನ ಆಪರೇಟರ್ ಹೇಳುತ್ತಿದ್ದ, ದೂರದರ್ಶನದವರು ಹೇಳುತ್ತಿದ್ದರು, ಅದೂ ಬಿಟ್ಟರೆ ವಿಸಿಪಿ ಅಂಗಡಿಯವನು. ಆ ಕೆಲಸ ನನ್ನ ತಲೆಗೆ ಬಂದದ್ದು ಅರವತ್ತು ದಾಟಿದ ಮೇಲೆ, ಅಭ್ಯಾಸವೇ ಇಲ್ಲದವನಿಗೆ. ಮನಸ್ಸಿನ ಹತೋಟಿ ಇಲ್ಲ, ಸಂಯಮ ಇಲ್ಲ ಎಂದು ನಮ್ಮನ್ನು ನಾವೇ ಬೈದುಕೊಳ್ಳುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲದ್ದು ಇದಕ್ಕೇ. ಇಲ್ಲಿ ಮಂಗಳದ ಪದವನ್ನೇ ಪುಸ್ತಕದಿಂದ ಹರಿದು ತೆಗೆದಿದ್ದಾರೆ.

ತೆಗೆದವರು ಯಾರು ಎನ್ನುವುದನ್ನು ನನಗೆ ಬಿಡಿಸಿ ಹೇಳಿದವಳು ಮಗಳು. ಅವಳಿಗೆ ಸಾಫ್ಟ್‌ವೇರಿನ ಕೆಲಸ. ರಜೆಗೆ ಬಂದಾಗ ನನ್ನ ಫೋನು ನೋಡಿ, "ಅಪ್ಪಯ್ಯಾ, ಇದು ನಿಂಗೆ ಗೊರಸು ತೋರಿಸ್ತಾ ಇಲ್ಲ. ನೀನು ಗೊರಸು ನೋಡ್ತಾ ಎಷ್ಟು ಹೊತ್ತು ಕೂರ್ತೆ ಅನ್ನೋದನ್ನ ಅದು ನೋಡ್ತಾ ಇದೆ" ಅಂದಳು.

ಅವಳು ಹೇಳಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. 2005ರ ಏಪ್ರಿಲಿನಲ್ಲಿ ಯೂಟ್ಯೂಬಿಗೆ ಏರಿಸಿದ ಮೊದಲ ವಿಡಿಯೋ ಹತ್ತೊಂಬತ್ತು ಸೆಕೆಂಡಿನದು; ಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಂ ಸ್ಯಾನ್ ಡಿಯಾಗೋದ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಬಹಳ ಉದ್ದ ಎನ್ನುತ್ತಾರೆ, ಅಷ್ಟೆ. ಪಾಪದ್ದು. ಮೊದಮೊದಲು ಯಾವ ವಿಡಿಯೋವನ್ನು ಎಷ್ಟು ಜನ ಒತ್ತಿದರು ಎಂಬ ಲೆಕ್ಕವೇ ಮುಖ್ಯವಾಗಿತ್ತು. 2012ರಲ್ಲಿ ಆ ಲೆಕ್ಕ ಬದಲಾಯಿತು. ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ತೂಕ ಬಂತು. ದಿನಕ್ಕೆ ನೂರು ಕೋಟಿ ಗಂಟೆ ನೋಡಿಸಬೇಕು ಎನ್ನುವ ಗುರಿಯನ್ನು ಅವರು ಇಟ್ಟುಕೊಂಡರು, 2016ರ ಹೊತ್ತಿಗೆ ಮುಟ್ಟಿಯೂ ಬಿಟ್ಟರು. ಜನ ನೋಡುವ ಹೊತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ತಾವೇ ಮುಂದಿಟ್ಟ ವಿಡಿಯೋಗಳದ್ದು ಎಂದು 2018ರಲ್ಲಿ ಆ ಸಂಸ್ಥೆಯ ನೀಲ್ ಮೋಹನ್ ಅವರೇ ಹೇಳಿದರು. ಅದನ್ನು ಓದಿದಾಗ ನನ್ನ ದೋಟಿ, ಟ್ರ್ಯಾಕ್ಟರು, ಆಕ್ಸಲು, ಕಾರ್ಪೆಟ್ಟು ಎಲ್ಲ ಕಣ್ಣ ಮುಂದೆ ಬಂದವು. ನಾನು ಹುಡುಕಿಕೊಂಡು ಹೋದದ್ದು ಒಂದು, ಬಡಿಸಿದ್ದು ಮಿಕ್ಕದ್ದೆಲ್ಲ.

ಬೆರಳಿಂದ ತಳ್ಳಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟಿದ್ದಾರೆ. ನಮ್ಮ ಪ್ರತಿಸ್ಪರ್ಧಿ ನಿದ್ದೆ ಎಂದು 2017ರಲ್ಲಿ ನೆಟ್‌ಫ್ಲಿಕ್ಸಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಹೇಳಿದ್ದರು. ಅದರಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ. ಇನ್ನು ಚುಟುಕು ವಿಡಿಯೋಗಳ ಕಥೆಯಲ್ಲಿ ನಮ್ಮ ದೇಶವೇ ಮುಖ್ಯ ಪಾತ್ರ. 2020ರ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಒಂದು ಬಾಗಿಲು ಹಾಕಿತಲ್ಲ ಎನ್ನುವಷ್ಟರಲ್ಲಿ ಜುಲೈಯಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ಇಲ್ಲಿಗೆ ಬಂತು. ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಸೆಪ್ಟೆಂಬರಿನಲ್ಲಿ ಪ್ರಯೋಗಕ್ಕೆ ಬಿಟ್ಟದ್ದೂ ಮೊದಲು ಭಾರತದಲ್ಲೇ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಉಪದೇಶ ಮಾಡುವ ಹುಮ್ಮಸ್ಸು ಬಂತು. ಅದು ಇಳಿದದ್ದು ಅಡಿಕೆ ಸುಲಿತದ ಹೊತ್ತಿನಲ್ಲಿ.

ಕೊನೆಗೊಯ್ಲು ಶುರುವಾದರೆ ನಮ್ಮ ಅಂಗಳದಲ್ಲಿ ಸಂಜೆಯಿಂದ ಸುಲಿತ. ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು. ಮಣೆಯನ್ನು ಮಂಡಿಯ ಅಡಿಗೆ ಒತ್ತಿಹಿಡಿದು, ಕಾಯನ್ನು ಕತ್ತಿಯ ಮೂತಿಗೆ ಒಡ್ಡಿ, ಎರಡು ಸೆಳೆತಕ್ಕೆ ಸಿಪ್ಪೆ ಒಂದು ಕಡೆ, ಬೆಟ್ಟೆ ಒಂದು ಕಡೆ. ಕೂಲಿ ಡಬ್ಬದ ಲೆಕ್ಕ. ನಾನು ಸಣ್ಣವನಿದ್ದಾಗ ಅಲ್ಲಿ ಒಂದೇ ರೇಡಿಯೋ ಇರುತ್ತಿತ್ತು, ಭದ್ರಾವತಿ ಆಕಾಶವಾಣಿ. ನಾಟಕ ಬಂದ ದಿನ ಸುಲಿತ ನಿಧಾನ ಎಂದು ಅಪ್ಪ ಗೊಣಗುತ್ತಿದ್ದ. ರೇಡಿಯೋ ಮುಗಿದರೆ ಯಾರಾದರೂ ಕತೆ ಹೇಳುತ್ತಿದ್ದರು. ಬೇರೆಯವರ ಮನೆಯ ಕತೆಯೇ ಹೆಚ್ಚು, ಅದನ್ನು ಕೇಳಲು ನಮ್ಮನ್ನು ಓಡಿಸುತ್ತಿದ್ದರು.

ಈಗ ಪ್ರತಿಯೊಬ್ಬರ ಮುಂದೂ ಒಂದು ಫೋನು, ಬುಟ್ಟಿಗೆ ಒರಗಿಸಿಟ್ಟದ್ದು. ಒಂದರಲ್ಲಿ ಧಾರಾವಾಹಿ, ಒಂದರಲ್ಲಿ ಭವಿಷ್ಯ ಹೇಳುವವನು, ಒಂದರಲ್ಲಿ ಯಾರೋ ಅತ್ತೆ ಸೊಸೆ ಕಿತ್ತಾಡಿ ನಗಿಸುವುದು. ಒಬ್ಬಳು ನಗುತ್ತಾಳೆ, ಪಕ್ಕದವಳಿಗೆ ಯಾಕೆಂದು ಗೊತ್ತಿಲ್ಲ. ಕೈ ಮಾತ್ರ ನಿಲ್ಲುವುದಿಲ್ಲ. ಕಣ್ಣು ಫೋನಿನ ಮೇಲಿದ್ದರೂ ಬೆರಳು ಕತ್ತಿಯ ಅಂಚನ್ನು ತಪ್ಪಿಸಿಕೊಂಡು ಹೋಗುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ನಾನು ದೊಡ್ಡ ಮನುಷ್ಯನ ಹಾಗೆ ಹತ್ತಿರ ಕೂತು, ಇದನ್ನೆಲ್ಲ ಕಂಪನಿಯವರು ಬೇಕೆಂತಲೇ ಹೀಗೆ ಮಾಡಿದ್ದಾರೆ, ನಮ್ಮ ಹೊತ್ತು ಹಾಳು ಮಾಡುವುದೇ ಅವರ ವ್ಯಾಪಾರ ಎಂದು ಶುರುಮಾಡಿದೆ. ಎಲ್ಲರಿಗಿಂತ ಹಿರಿಯಳಾದವಳು ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಹೆಗಡೇರೇ, ನಂಗೆ ಹೊತ್ತು ಹಾಳಾಗದಿಲ್ಲ, ಡಬ್ಬ ತುಂಬ್ತಾ ಅದೆ. ಇದಿಲ್ದಿದ್ರೆ ಹತ್ತು ಗಂಟೆಗೆ ತೂಕಡಿಕೆ ಬರ್ತದೆ, ಬೆರಳು ಹೋಗ್ತದೆ. ನೀವು ಯಾವ ಅಡಿಕೆ ಸುಲೀತಾ ನೋಡ್ತೀರಿ?"

ಉಳಿದವರೆಲ್ಲ ಆ ರಾತ್ರಿ ಒಂದೇ ಮಾತಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಅವಳ ಮಾತು ನನಗೆ ಮಗಳ ಅಂಕಿಅಂಶಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ದುಡಿಯುವವರ ಫೋನು ಬೇರೆ, ನನ್ನಂಥ ಪಿಂಚಣಿದಾರನ ಫೋನು ಬೇರೆ. ಅವಳಿಗೆ ಸುಲಿತ ಮುಗಿದರೆ ವಿಡಿಯೋನೂ ಮುಗಿಯುತ್ತದೆ. ರಾಶಿಯೇ ಅವಳಿಗೆ ಮಂಗಳ ಹಾಡುತ್ತದೆ. ನನ್ನ ಎದುರಿಗೆ ರಾಶಿಯಿಲ್ಲ. ಪೇಪರುಗಳಲ್ಲಿ ಬರುವ ಬುದ್ಧಿಮಾತುಗಳೆಲ್ಲ ಮಕ್ಕಳನ್ನೂ ಹದಿಹರೆಯದವರನ್ನೂ ಕುರಿತಾಗಿರುತ್ತವೆ. ನಾನು ಕಂಡಂತೆ ಬಿಡುವಿರುವ ಮುದುಕರಷ್ಟು ನೋಡುವವರು ಯಾರೂ ಇಲ್ಲ. ಯಾವ ಊರಿನ ದೇವಸ್ಥಾನದ ಜಗುಲಿಗೆ ಬೇಕಾದರೂ ಹೋಗಿ ನೋಡಿ. ಮೊದಲು ಅಲ್ಲಿ ಎಲೆ ಅಡಿಕೆಯ ಹರಿವಾಣದ ಸುತ್ತ ರಾಜಕೀಯ ನಡೆಯುತ್ತಿತ್ತು. ಈಗ ನಾಲ್ಕು ಜನ ಕಂಬಕ್ಕೊಬ್ಬರಂತೆ ಒರಗಿ, ಇಯರ್‌ಫೋನು ಹಾಕಿಕೊಳ್ಳುವ ಸೌಜನ್ಯವೂ ಇಲ್ಲದೆ, ನಾಲ್ಕು ಬೇರೆ ಬೇರೆ ವಿಡಿಯೋ ಕೂಗಿಸುತ್ತಿರುತ್ತಾರೆ. ನಮಗೆ ಬೈಯುವವರು ಮನೆಯಲ್ಲಿ ಯಾರೂ ಇಲ್ಲವಲ್ಲ.

ಕಡಿಮೆ ಮಾಡಿದ್ದು ಹೇಗೆ ಎನ್ನುವುದರಲ್ಲಿ ದೊಡ್ಡ ಸಾಹಸವೇನಿಲ್ಲ. ಯೂಟ್ಯೂಬನ್ನು ತೆಗೆದೇಬಿಡೋಣ ಎಂದು ಹೊರಟೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಅದು ಹುಟ್ಟಿನಿಂದಲೇ ಇರುವುದರಿಂದ ತೆಗೆಯಲು ಬರುವುದಿಲ್ಲ, ಕಣ್ಣುಮುಚ್ಚಿಸಿ ಮಲಗಿಸಬಹುದು ಅಷ್ಟೆ. ಮಲಗಿಸಿದೆ. ಆದರೆ ಬೋರ್ಡೋ ದ್ರಾವಣದಂಥ ಕೆಲಸ ಬಂದಾಗ ಎಬ್ಬಿಸಬೇಕಾಯಿತು, ಎದ್ದದ್ದು ಮತ್ತೆ ಮಲಗಲಿಲ್ಲ. ಆಮೇಲೆ ಮಗಳು ಒಂದು ಉಪಾಯ ಹೇಳಿಕೊಟ್ಟಳು. ನೋಡಿದ್ದರ ದಾಖಲೆಯನ್ನು, ಅವರ ಭಾಷೆಯಲ್ಲಿ ವಾಚ್ ಹಿಸ್ಟರಿಯನ್ನು, ಅಳಿಸಿ ಆಫ್ ಮಾಡಿಬಿಡುವುದು. 2023ರಿಂದ ಹಾಗೆ ಮಾಡಿದವರ ಮುಖಪುಟದಲ್ಲಿ ಯೂಟ್ಯೂಬ್ ಏನನ್ನೂ ತೋರಿಸುವುದಿಲ್ಲ.

ಮೊದಲ ಸಲ ಅದನ್ನು ನೋಡಿದಾಗ ಫೋನು ಕೆಟ್ಟಿತೇನೋ ಅನ್ನಿಸಿತು. ಮೇಲೆ ಹುಡುಕುವ ಪಟ್ಟಿ, ಕೆಳಗೆ ನಾಲ್ಕಾರು ಗುರುತು, ನಡುವೆ ಖಾಲಿ. ಹಿಸ್ಟರಿ ಆಫ್ ಆಗಿದೆ, ಬೇಕಾದರೆ ಆನ್ ಮಾಡಿಕೊಳ್ಳಿ ಎನ್ನುವ ಒಂದೆರಡು ಸಾಲು. ಗೊರಸಿಲ್ಲ, ಆಕ್ಸಲಿಲ್ಲ. ಆ ಖಾಲಿ ಪರದೆಯ ಮುಂದೆ ನಾನು ಏನು ನೋಡಲು ಬಂದೆ ಎಂದು ಯೋಚಿಸಿದರೆ ಉತ್ತರವೇ ಹೊಳೆಯಲಿಲ್ಲ. ಹೊಳೆಯದಿದ್ದರೆ ಮುಚ್ಚಬೇಕು, ಬೇರೆ ದಾರಿಯಿಲ್ಲ. ವಿಡಿಯೋ ಮುಗಿದ ಕೂಡಲೇ ತಾನಾಗಿಯೇ ಮುಂದಿನದು ಶುರುವಾಗುವ ಆಟೋಪ್ಲೇ ಗುಂಡಿಯನ್ನೂ ಅವಳೇ ಆರಿಸಿಕೊಟ್ಟು ಹೋದಳು.

ಇನ್ನೊಂದು ನನ್ನ ಹೆಂಡತಿಯ ಏರ್ಪಾಟು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ಇದೆ. ಗ್ಯಾಸ್ ಬಂದದ್ದು, ಹಾಲಿನ ಲೆಕ್ಕ, ತಮ್ಮನ ಸೊಸೈಟಿ ಕಂತು ಎಲ್ಲ ಅದರ ಚೌಕಗಳಲ್ಲಿ. "ನೋಡ್ಬೇಕು ಅಂತ ಆಸೆಯಾದ್ರೆ ಇದ್ರಲ್ಲಿ ಬರೀರಿ, ಭಾನುವಾರ ರಾತ್ರಿ ಟಿವೀಲಿ ಹಾಕಿ, ಎಲ್ರೂ ನೋಡಣ" ಅಂದಳು. ಬರೆಯಲು ಹೋದಾಗ ಗೊತ್ತಾದದ್ದು, ಹೆಂಡತಿಯೂ ತಮ್ಮನ ಮಕ್ಕಳೂ ಓದುವ ಚೌಕದಲ್ಲಿ 'ಕಾರ್ಪೆಟ್ ತೊಳೆಯುವುದು' ಎಂದು ಬರೆಯಲು ಕೈ ಬರುವುದಿಲ್ಲ. ನಾಚಿಕೆಯಾಗುತ್ತದೆ. ಆ ನಾಚಿಕೆಯಷ್ಟು ಕೆಲಸವನ್ನು ಫೋನಿನ ಯಾವ ಗಡಿಯಾರವೂ ಮಾಡಲಿಲ್ಲ.

ಬರೆದದ್ದು ಹೆಚ್ಚಾಗಿ ಯಕ್ಷಗಾನ. ಇಲ್ಲಿ ನಾನು ಈ ಯಂತ್ರದ ಋಣವನ್ನು ಒಪ್ಪಿಕೊಳ್ಳಬೇಕು. ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಇನ್ನೂ ಮೂವತ್ತರ ಆಸುಪಾಸು. ಸಾಲಿಗ್ರಾಮ ಮೇಳದ ಟೆಂಟಿನಲ್ಲಿ ಅವರ ಸ್ವರ ಏರಿದಾಗ ಮೈ ಜುಂ ಎಂದದ್ದು ನಮ್ಮ ಪ್ರಾಯದವರಿಗೆಲ್ಲ ನೆನಪಿದೆ. ಆ ಸ್ವರ ಇವತ್ತು ನಮಗೆ ಸಿಗುತ್ತಿರುವುದು ಆಗ ಯಾರೋ ಅಭಿಮಾನಿಗಳು ಟೇಪ್‌ರೆಕಾರ್ಡರ್ ಒಡ್ಡಿ ಹಿಡಿದ ಕ್ಯಾಸೆಟ್ಟುಗಳನ್ನು ಮತ್ತೆ ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದರಿಂದ. ಕೆಮ್ಮು, ಮಗುವಿನ ಅಳು, ಚಹಾದವನ ಕೂಗು ಎಲ್ಲ ಅದರೊಳಗಿದೆ. 2017ರಲ್ಲಿ ತೀರಿಹೋದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ. ವಯಸ್ಸಾದ ಮೇಲಿನದ್ದಾದರೂ, ತಲೆಯ ಮೇಲೆ ಕೈಯಿಟ್ಟುಕೊಳ್ಳುವ ಮುಂಚಿನ ಆ ಕಣ್ಣು, ಆ ಕತ್ತಿನ ಕೊಂಕು ಹಾಗೇ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ತಾಳಮದ್ದಳೆಗಳಿವೆ. ಅವಕ್ಕೆ ಕಣ್ಣೇ ಬೇಡ, ಫೋನನ್ನು ಜೇಬಿಗೆ ಹಾಕಿ ತೋಟದಲ್ಲಿ ಒಣ ಸೋಗೆ ಹೆಕ್ಕುತ್ತ ಕೇಳಬಹುದು. ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುವುದರಲ್ಲಿ ಒಂದು ಸಾಲು ಸೋಗೆ ಮುಗಿದಿರುತ್ತದೆ.

ಆದರೆ ಇವೇ ಆಟಗಳು ಚುಟುಕು ವಿಡಿಯೋದಲ್ಲೂ ಬರುತ್ತವೆ. ಅದನ್ನು ಮಾತ್ರ ನಾನು ಸಹಿಸಲಾರೆ. ಭಸ್ಮಾಸುರನ ಒಂದು ಗಿರಕಿ, ಅರ್ಧ ನಿಮಿಷ. ಬೆರಳು ತಳ್ಳಿದರೆ ಯಾರೋ ಬಿರಿಯಾನಿ ಮುಚ್ಚಳ ತೆಗೆಯುತ್ತಾರೆ. ವರ ಪಡೆದ ಸೊಕ್ಕಿಲ್ಲ, ಮೋಹಿನಿಯ ಹಿಂದೆ ಸುತ್ತಿದ ಹುಚ್ಚಿಲ್ಲ, ಬರೀ ಗಿರಕಿ. ಆ ಗಿರಕಿಗೆ ಬೆಲೆ ಬರುವುದು ಅದಕ್ಕಿಂತ ಮುಂಚೆ ಮೂರು ಗಂಟೆ ಕಾದವನಿಗೆ. ಉದ್ದದ್ದನ್ನು ನೋಡಿದರೆ ಹೊತ್ತು ಹಾಳು, ತುಂಡನ್ನು ನೋಡಿದರೆ ಹೊತ್ತು ಉಳಿತಾಯ ಎಂದು ತಿಳಿದವರ ಲೆಕ್ಕ ಎಲ್ಲೋ ತಪ್ಪಿದೆ.

ಭಾನುವಾರದ ಟಿವಿಯ ಮುಂದೆ ತಮ್ಮ ಬರುತ್ತಾನೆ, ಅವನ ಮಕ್ಕಳು ಬಂದು ಅರ್ಧಕ್ಕೆ ಎದ್ದು ಹೋಗುತ್ತಾರೆ, ಕೆಲವೊಮ್ಮೆ ಕಾರ್ಯಕ್ರಮ ತೀರಾ ಸಪ್ಪೆಯಾಗಿ ಎಲ್ಲರೂ ತೂಕಡಿಸುತ್ತೇವೆ. ಕರೆಂಟು ಹೋದರೆ ಆಟ ಅಲ್ಲಿಗೇ ನಿಲ್ಲುತ್ತದೆ. ವಾರದ ಉಳಿದ ದಿನ ನಾನು ಫೋನು ಮುಟ್ಟುವುದೇ ಇಲ್ಲ ಎಂದು ಹೇಳಿದರೆ ನನ್ನ ಹೆಂಡತಿ ಈ ಬರಹವನ್ನೇ ಹರಿದು ಹಾಕಿಯಾಳು. ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಬೆರಳು ತಾನಾಗಿಯೇ ಹೋಗುತ್ತದೆ. ಖಾಲಿ ಪರದೆ ಕಂಡು ಹಿಂದೆ ಬರುತ್ತದೆ. ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬರುತ್ತಿದೆ, ಕಣ್ಣಿನ ಉರಿ ಕಡಿಮೆಯಾಗಿದೆ, ಸಾರು ಬಿಸಿಯಿರುವಾಗಲೇ ಊಟವಾಗುತ್ತಿದೆ. ಪಂಪ್‌ಸೆಟ್ಟಿನ ಪೈಪನ್ನೆಲ್ಲ ಹೊರಗೆ ಹಾಕಿ ಕೊಟ್ಟಿಗೆಗೆ ಒಂದು ಮಲೆನಾಡು ಗಿಡ್ಡ ತರೋಣ ಎಂದಿದ್ದೇನೆ. ತಮ್ಮ ಇನ್ನೂ ಒಪ್ಪಿಲ್ಲ. "ಅಣ್ಣಾ, ಸಗಣಿ ತೆಗೆಯೋ ವಿಡಿಯೋನೂ ನೋಡಿದೀಯಾ?" ಎಂದು ಕೇಳುತ್ತಾನೆ.

ಓದುಗರಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಮನೆಯ ಅಟ್ಟದಲ್ಲಿ 1980ರ ದಶಕದ ಆಟದ, ತಾಳಮದ್ದಳೆಯ ಕ್ಯಾಸೆಟ್ಟುಗಳೇನಾದರೂ ಇದ್ದರೆ ಈ ಮಳೆಗಾಲ ಕಳೆಯುವವರೆಗೆ ಕಾಯಬೇಡಿ. ಮಲೆನಾಡಿನ ಮಳೆಗೆ ಟೇಪಿಗೆ ಬೂಷ್ಟು ಹಿಡಿದರೆ ಮುಗಿಯಿತು, ಆಮೇಲೆ ಯಾರೂ ಉಳಿಸಲಾರರು. ಗೊತ್ತಿರುವ ಹುಡುಗರ ಕೈಗೆ ಕೊಟ್ಟು ಕಂಪ್ಯೂಟರಿಗೆ ಏರಿಸಿ. ಪೂರ್ತಿ ಏರಿಸಿ, ಮಂಗಳ ಪದದವರೆಗೆ, ತುಂಡು ಮಾಡಬೇಡಿ. ಹಾಕಿದ ಮೇಲೆ ಲಿಂಕ್ ಕಳಿಸಿದರೆ ಖಂಡಿತ ಕೇಳುತ್ತೇನೆ. ಭಾನುವಾರದ ಚೌಕದಲ್ಲಿ ಜಾಗವಿದೆ.